ಗಾವ್‌ಕಾವ್ ಇಂಗ್ಲಿಷ್ ರೀಡಿಂಗ್ ಅಭ್ಯಾಸ ಪುಸ್ತಕ: ವರ್ಷಗಟ್ಟಲೆ ಬಳಸಿದವಳ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕದಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಬರುವುದು ಅರ್ಧಕ್ಕೆ ಮಾತ್ರ. ಆದರೆ ಆ ಅರ್ಧ ಎಷ್ಟು ಚೆನ್ನಾಗಿದೆ ಅಂದರೆ, ಉಳಿದದ್ದನ್ನು ರದ್ದಿಗೆ ಹಾಕಿದರೂ ನಷ್ಟ ಅನ್ನಿಸುವುದಿಲ್ಲ. ಯಾವ ಅರ್ಧ ಅನ್ನುವುದೇ ಮುಖ್ಯ.

ನಾವಿರುವುದು ಚೀನಾದ ಗುವಾಂಗ್ಝೌನಲ್ಲಿ. ಮನೆಯವರದ್ದು ಬಟ್ಟೆ ವ್ಯಾಪಾರ. ಊರಲ್ಲಿದ್ದಾಗ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಇಲ್ಲಿ ನನ್ನ ವೀಸಾದಲ್ಲಿ ದುಡಿಯುವ ಹಾಗಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಮಕ್ಕಳು ‘ಆಂಟಿ’ ಅಂತ ಪುಸ್ತಕ ಹಿಡಿದು ಬಂದರೆ ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತೇನೆ. ಫೀಸು ಇಲ್ಲ. ಅವರ ಅಮ್ಮಂದಿರು ಗಂಟೆಗಟ್ಟಲೆ ಕುದಿಸಿದ ಸೂಪು ಕಳಿಸುತ್ತಾರೆ. ಅದರೊಳಗೆ ಏನೇನಿದೆ ಅಂತ ಕೇಳಿಕೊಂಡೇ ನಾನು ಚಮಚ ಮುಟ್ಟುವುದು! ಪುಸ್ತಕದ ಹೆಸರು ಬರೆಯುವುದಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಇಂಥವು ಗೋಡೆ ತುಂಬ ಇರುತ್ತವೆ, ಹೆಚ್ಚಿನವು ಒಂದೇ ಅಚ್ಚಿನವು. ಒಂದರ ಬಗ್ಗೆ ಹೇಳಿದ್ದು ಮುಕ್ಕಾಲು ಪಾಲು ಎಲ್ಲಕ್ಕೂ ಹೊಂದುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗಾವ್‌ಕಾವ್ ಅಂದರೆ ಇಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ, ಪ್ರತಿ ವರ್ಷ ಜೂನ್ 7ಕ್ಕೆ ಶುರು. 2024ರಲ್ಲಿ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಇಂಗ್ಲಿಷ್ ಪೇಪರ್ ಜೂನ್ 8ರ ಮಧ್ಯಾಹ್ನ 3ರಿಂದ 5ರವರೆಗೆ, 150 ಅಂಕಕ್ಕೆ. ನಮ್ಮ ಗುವಾಂಗ್‌ಡಾಂಗ್ ಪ್ರಾಂತ್ಯದ ಮಕ್ಕಳು ಬರೆಯುವ ರಾಷ್ಟ್ರೀಯ ಪೇಪರಿನಲ್ಲಿ ಅದರೊಳಗೆ 50 ಅಂಕ ರೀಡಿಂಗ್‌ಗೇ ಹೋಗುತ್ತದೆ. ನಾಲ್ಕು ಪ್ಯಾಸೇಜು, 15 ಪ್ರಶ್ನೆ. ಆಮೇಲೆ ಇನ್ನೊಂದು ಪ್ಯಾಸೇಜಿನಲ್ಲಿ ಐದು ಕಡೆ ವಾಕ್ಯ ಕಿತ್ತಿರುತ್ತಾರೆ, ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ, ಸರಿಯಾದ ಐದನ್ನು ಹುಡುಕಿ ಕೂರಿಸಬೇಕು. ಒಂದೊಂದಕ್ಕೂ ಎರಡೂವರೆ ಅಂಕ.

ಎರಡೂವರೆ ತಾನೇ ಅನ್ನಬೇಡಿ. 2018ರ ನವೆಂಬರ್‌ನಲ್ಲಿ ಝೆಜಿಯಾಂಗ್ ಪ್ರಾಂತ್ಯದ ಇಂಗ್ಲಿಷ್ ಪರೀಕ್ಷೆಯಲ್ಲಿ ರೀಡಿಂಗ್ ಮತ್ತು ಬರವಣಿಗೆಯ ಕೆಲವು ಪ್ರಶ್ನೆಗಳಿಗೆ ಅಂಕದ ತೂಕ ಹೆಚ್ಚುಕಮ್ಮಿ ಮಾಡಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಕೊನೆಗೆ ಪ್ರಾಂತ್ಯದ ಸರ್ಕಾರ ತನಿಖೆ ಮಾಡಿಸಿ, ಆ ಲೆಕ್ಕ ರದ್ದು ಮಾಡಿ, ಮೂಲ ಅಂಕಗಳನ್ನೇ ವಾಪಸ್ ಕೊಡಬೇಕಾಯಿತು. ಇಲ್ಲಿ ಅರ್ಧ ಅಂಕವೂ ಮನೆಮಂದಿಯ ಮಾತಾಗುತ್ತದೆ.

ಪುಸ್ತಕಕ್ಕೆ ಬರುತ್ತೇನೆ. ಮುಂದಿನ ಭಾಗ ಹಿಂದಿನ ವರ್ಷಗಳ ನಿಜವಾದ ಪರೀಕ್ಷೆಯ ಪ್ಯಾಸೇಜುಗಳು. ಹಿಂದಿನ ಭಾಗ ಪ್ರಕಾಶಕರೇ ಸಿದ್ಧಪಡಿಸಿದ ಮಾದರಿ ಪ್ಯಾಸೇಜುಗಳು. ಜೊತೆಗೆ ಬೇರೆಯಾಗಿ ಒಂದು ಉತ್ತರದ ಪುಸ್ತಕ. ಅದು ಕೆಲವು ಸಲ ಮೂಲ ಪುಸ್ತಕಕ್ಕಿಂತ ದಪ್ಪ.

ನಿಜವಾದ ಪ್ಯಾಸೇಜುಗಳಿಗೆ ನನ್ನ ಪೂರ್ತಿ ಅಂಕ. ಇವು ವಿದೇಶಿ ಪತ್ರಿಕೆ, ಪುಸ್ತಕ, ವೆಬ್‌ಸೈಟುಗಳ ಬರಹಗಳನ್ನು ಆರಿಸಿ, ಸುಮಾರು 300 ಪದಕ್ಕೆ ಇಳಿಸಿ ಕೊಟ್ಟವು. ಉದಾಹರಣೆಗೆ 2023ರ ಪೇಪರ್ ನೋಡಿ. ಮೊದಲನೆಯದು ಆಮ್‌ಸ್ಟರ್‌ಡಾಮ್‌ನಲ್ಲಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವ ಬಗ್ಗೆ, ಬರೀ ದರಪಟ್ಟಿ ಮತ್ತು ವಿವರ. ಎರಡನೆಯದು ಗಿಡ, ಸೂಕ್ಷ್ಮಜೀವಿಗಳಿಂದ ಕೊಳಕು ನೀರು ಶುದ್ಧ ಮಾಡುವ ಜಾನ್ ಟಾಡ್ ಕಥೆ. ಮೂರನೆಯದು ಫೋನು, ಆ್ಯಪುಗಳ ಬಳಕೆ ಕಡಿಮೆ ಮಾಡುವ ಬಗ್ಗೆ ಬಂದ ಪುಸ್ತಕವೊಂದರ ಪರಿಚಯ. ನಾಲ್ಕನೆಯದು 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಪ್ರಕಟಿಸಿದ ಲೇಖನದಿಂದ ಶುರುವಾಗುತ್ತದೆ. ಗುಂಪಿನ ಜನ ತಮಗೆ ತೋಚಿದ ಅಂದಾಜು ಹೇಳಿದರೆ ಅವುಗಳ ಸರಾಸರಿ ನಿಜಕ್ಕೆ ಹೇಗೆ ಹತ್ತಿರ ಬರುತ್ತದೆ, ಯಾವಾಗ ಬರುವುದಿಲ್ಲ ಅನ್ನುವ ಚರ್ಚೆ. ಸುಲಭದಿಂದ ಕಷ್ಟಕ್ಕೆ, ವಿವರದಿಂದ ವಿಚಾರಕ್ಕೆ. ಏರು ಎಷ್ಟು ಹದವಾಗಿದೆ ಅಲ್ವಾ? ನಾಲ್ಕನೆಯದರ ಕೊನೆಗೆ, ಹೊಸ ಸಂಶೋಧನೆ ಬಗ್ಗೆ ಲೇಖಕರ ಧೋರಣೆ ಏನು ಅಂತ ಒಂದು ಪ್ರಶ್ನೆ. ಲೇಖಕರು ‘ನನಗೆ ಒಪ್ಪಿಗೆ’ ಅಂತ ಎಲ್ಲೂ ಬರೆದಿಲ್ಲ. ಬಳಸಿದ ಪದಗಳ ಬಿಸಿ ನೋಡಿ ಹುಡುಗರೇ ಕಂಡುಕೊಳ್ಳಬೇಕು. ಇಂಥ ಪ್ರಶ್ನೆ ನಮ್ಮ ಹತ್ತನೇ ಕ್ಲಾಸಿನ ಪೇಪರಿನಲ್ಲಿ ಬಂದದ್ದು ನನಗಂತೂ ನೆನಪಿಲ್ಲ.

ಇನ್ನು ಉತ್ತರದ ಪುಸ್ತಕ. ನನ್ನ ಲೆಕ್ಕದಲ್ಲಿ ಅಸಲು ಮಾಲು ಇದೇ. ಯಾವುದು ಸರಿ ಅಂತ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಉಳಿದ ಮೂರು ಯಾಕೆ ತಪ್ಪು, ಯಾವ ಬಗೆಯ ತಪ್ಪು ಅಂತ ಒಂದೊಂದನ್ನೂ ಬಿಡಿಸುತ್ತದೆ. ತಪ್ಪು ಆಯ್ಕೆಗಳನ್ನು ಕಟ್ಟುವುದಕ್ಕೂ ಒಂದು ವಿದ್ಯೆ ಇದೆ, ಮತ್ತು ಆ ವಿದ್ಯೆಗೆ ಇಲ್ಲಿನ ಮೇಷ್ಟ್ರುಗಳು ಒಳ್ಳೊಳ್ಳೆ ಹೆಸರು ಇಟ್ಟಿದ್ದಾರೆ.

ನಾನೇ ಒಂದು ಕಟ್ಟಿ ತೋರಿಸುತ್ತೇನೆ. ಪ್ಯಾಸೇಜಿನ ಸಾರ ಇಷ್ಟು: ಒಂದು ಊರಲ್ಲಿ ಬಸ್ ನಿಲ್ದಾಣಗಳ ಚಾವಣಿ ಮೇಲೆ ಹೂಗಿಡ ಬೆಳೆಸಿದರು. ಪಾರ್ಕಿನ ಹತ್ತಿರದ ನಿಲ್ದಾಣಗಳಲ್ಲಿ ಜೇನುಹುಳ ಹೆಚ್ಚಾದವು ಅಂತ ವಿಜ್ಞಾನಿ ಹೇಳುತ್ತಾರೆ. ಇದನ್ನು ಊರಿನ ಎಲ್ಲ ನಿಲ್ದಾಣಗಳಿಗೂ ಮಾಡುವ ಆಸೆ ಇದೆ ಅಂತ ಮೇಯರ್ ಹೇಳುತ್ತಾರೆ. ಪ್ರಶ್ನೆ: ಈ ಯೋಜನೆ ಬಗ್ಗೆ ಪ್ಯಾಸೇಜಿನಿಂದ ಏನು ಗೊತ್ತಾಗುತ್ತದೆ?

ಎ. ಎಲ್ಲ ನಿಲ್ದಾಣಗಳಲ್ಲೂ ಜೇನುಹುಳ ಹೆಚ್ಚಾದವು. ಬಿ. ಯೋಜನೆಯನ್ನು ವಿಸ್ತರಿಸಬೇಕು ಅನ್ನುವುದು ವಿಜ್ಞಾನಿಯ ಆಸೆ. ಸಿ. ಪ್ರಯಾಣಿಕರಿಗೆ ಹುಳ ಕಚ್ಚುವ ಭಯ. ಡಿ. ಸುತ್ತ ಹಸಿರಿದ್ದ ಕಡೆ ಫಲ ಚೆನ್ನಾಗಿ ಸಿಕ್ಕಿತು.

ಎ ಅಂದರೆ ಒಂದು ಭಾಗದ ಮಾತನ್ನು ಪೂರ್ತಿಗೆ ಹಚ್ಚಿದ್ದು. ಬಿ ಅಂದರೆ ಅವರ ಟೋಪಿ ಇವರ ತಲೆಗೆ. ಚೈನೀಸ್‌ನಲ್ಲೂ ಇದಕ್ಕೆ ಟೋಪಿಯದೇ ಗಾದೆ ಇದೆ, ಝಾಂಗ್‌ನ ಟೋಪಿ ಲಿಗೆ ಹಾಕಿದ್ದು. ಸಿ ಅಂದರೆ ಇಲ್ಲದ್ದನ್ನು ಹುಟ್ಟಿಸಿದ್ದು. ಪ್ಯಾಸೇಜಿನಲ್ಲಿ ಪ್ರಯಾಣಿಕರ ಸುದ್ದಿಯೇ ಇಲ್ಲ, ಆದರೆ ಹುಳ ಅಂದ ತಕ್ಷಣ ಓದುವವನ ತಲೆಯಲ್ಲಿ ಆ ಭಯ ತಾನಾಗಿ ಬರುತ್ತದೆ. ಸರಿ ಉತ್ತರ ಡಿ. ಅದರಲ್ಲಿ ‘ಪಾರ್ಕು’ ಇಲ್ಲ, ‘ಜೇನುಹುಳ’ ಇಲ್ಲ, ಅದೇ ಅರ್ಥ ಬೇರೆ ಮಾತಿನಲ್ಲಿದೆ. ಪ್ಯಾಸೇಜಿನ ಪದವನ್ನೇ ಎತ್ತಿಟ್ಟುಕೊಂಡ ಆಯ್ಕೆಯ ಕಡೆಗೆ ಮಕ್ಕಳ ಕೈ ಮೊದಲು ಹೋಗುತ್ತದೆ, ಎಡವುವುದೂ ಅಲ್ಲೇ. ನಮ್ಮ ಮೂರನೇ ಮಹಡಿಯ ಹುಡುಗಿ ತನ್ನ ತಪ್ಪಿನ ನೋಟ್‌ಬುಕ್‌ನಲ್ಲಿ ತಪ್ಪಾದ ಪ್ರಶ್ನೆ ಪಕ್ಕ ಬರೀ ‘ಟೋಪಿ’ ಅಂತ ಬರೆಯುತ್ತಾಳೆ. ತಿಂಗಳ ಕೊನೆಗೆ ಪುಟ ತಿರುಗಿಸಿದರೆ ತಾನು ಎಲ್ಲಿ ಮೋಸ ಹೋಗುತ್ತೇನೆ ಅಂತ ಅವಳಿಗೇ ಕಾಣುತ್ತದೆ.

ಇದೇ ಪುಸ್ತಕದಲ್ಲಿ ‘ಉದ್ದ, ಕಷ್ಟದ ವಾಕ್ಯಗಳು’ ಅಂತ ಒಂದು ಅಂಕಣ ಇದೆ. ಕನ್ನಡಿಗಳಾಗಿ ನನಗೆ ಹೆಚ್ಚು ಉಪಯೋಗ ಆದದ್ದು ಅದರಿಂದ. ಕನ್ನಡದಲ್ಲಿ ‘ಮಳೆಯಲ್ಲಿ ನೆಂದು ಬಂದ ಹುಡುಗ’ ಅನ್ನುತ್ತೇವೆ. ವಿವರ ಮೊದಲು, ಹುಡುಗ ಕೊನೆಗೆ. ಚೈನೀಸ್‌ನಲ್ಲೂ ಹಾಗೇ. ಇಂಗ್ಲಿಷ್‌ನಲ್ಲಿ ಹುಡುಗ ಮೊದಲು ಬಂದು ನಿಲ್ಲುತ್ತಾನೆ, ಅವನ ಕಥೆಯೆಲ್ಲ ಹಿಂದಿನಿಂದ ಬರುತ್ತದೆ, ಕ್ರಿಯಾಪದ ಆ ಕಥೆ ಮುಗಿದ ಮೇಲೆ. ಅಷ್ಟರಲ್ಲಿ ಓದುವವನಿಗೆ ಕರ್ತೃ ಯಾರು ಅನ್ನುವುದೇ ಮರೆತಿರುತ್ತದೆ. ಹಾಗಾಗಿ ಈ ಮಕ್ಕಳು ಎಲ್ಲಿ ಮುಗ್ಗರಿಸುತ್ತಾರೆ ಅಂತ ನನಗೆ ಹೇಳಿಕೊಡಬೇಕಾಗಿಲ್ಲ. ನಮ್ಮೂರಿನ ಹುಡುಗರೂ ಅಲ್ಲೇ ಮುಗ್ಗರಿಸುತ್ತಿದ್ದರು. ಪುಸ್ತಕ ವಿವರಣೆಯ ಭಾಗಕ್ಕೆ ಆವರಣ ಹಾಕಿ, ಕರ್ತೃ ಮತ್ತು ಕ್ರಿಯಾಪದವನ್ನು ದಪ್ಪಗೆ ಅಚ್ಚು ಮಾಡಿ ತೋರಿಸುತ್ತದೆ. ನಾನು ಪೆನ್ಸಿಲ್‌ನಿಂದ ಅದನ್ನೇ ಮುಂದುವರಿಸಿದೆ, ಎಲ್ಲ ಪ್ಯಾಸೇಜಿಗೂ. ಕೆಲಸ ಮಾಡುತ್ತದೆ.

ಸಂಖ್ಯೆಗಳಲ್ಲೂ ನಾವು ಒಂದೇ ದೋಣಿಯವರು. ಅವರದ್ದು ಹತ್ತು ಸಾವಿರದ ಲೆಕ್ಕ, ನಮ್ಮದು ಲಕ್ಷದ ಲೆಕ್ಕ. ಮಿಲಿಯನ್ ಬಂದರೆ ಇಬ್ಬರೂ ಬೆರಳು ಮಡಿಸುತ್ತೇವೆ.

ಪದಗಳ ವಿಷಯಕ್ಕೆ ಜಾಸ್ತಿ ಹೆದರಬೇಕಿಲ್ಲ. ಪಠ್ಯಕ್ರಮದ ಪಟ್ಟಿಯಲ್ಲಿರುವುದು ಸುಮಾರು 3000 ಪದ. ಅದರಾಚೆಯ ಪದ ಬಂದರೆ ಸಾಮಾನ್ಯವಾಗಿ ಪಕ್ಕದಲ್ಲೇ ಚೈನೀಸ್ ಅರ್ಥ ಕೊಟ್ಟಿರುತ್ತಾರೆ. ಹೊಸ ಪದಕ್ಕಿಂತ, ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದಾಗಲೇ ಮಕ್ಕಳು ಬೀಳುವುದು. ಪುಸ್ತಕದಲ್ಲಿ ಇದಕ್ಕೂ ಒಂದು ಪಟ್ಟಿ ಇದೆ, ಪರವಾಗಿಲ್ಲ.

ಈಗ ಬೇಸರದ ಭಾಗ. ಹಿಂದಿನ ಮಾದರಿ ಪ್ಯಾಸೇಜುಗಳು. ಮುಂದಿನವುಗಳ ಜೊತೆ ಇಟ್ಟು ನೋಡಿದರೆ ಪ್ಲಾಸ್ಟಿಕ್ ಹೂವು ನೋಡಿದ ಹಾಗೆ. ಬಣ್ಣ ಎಲ್ಲ ಇದೆ. ಆದರೆ ಯಾರೋ ಒಬ್ಬರಿಗೆ ಏನೋ ಹೇಳಬೇಕು ಅನ್ನಿಸಿ ಬರೆದದ್ದಲ್ಲ, ಪ್ರಶ್ನೆ ಕೇಳಲಿಕ್ಕೆ ಅಂತ ಬರೆದದ್ದು. ಬರಹಕ್ಕೆ ದನಿ ಇಲ್ಲದ ಮೇಲೆ ಲೇಖಕರ ಧೋರಣೆ ಏನು ಅಂತ ಕೇಳಿದರೆ ಮಕ್ಕಳು ಏನು ಹೇಳಬೇಕು? ಎರಡು ಉತ್ತರ ಸರಿ ಅನ್ನಿಸುವ ಪ್ರಶ್ನೆಗಳೂ ಇವೆ. ಒಂದು ಸಲ ಒಳ್ಳೆಯ ಶೀರ್ಷಿಕೆ ಆರಿಸಿ ಅನ್ನುವ ಪ್ರಶ್ನೆಗೆ ಹುಡುಗ ಹೇಳಿದ ಉತ್ತರ ನನಗೂ ಸರಿ ಅನ್ನಿಸಿತು. ಪುಸ್ತಕ ಬೇರೆ ಹೇಳಿತು. ವಿವರಣೆಯಲ್ಲಿ ‘ಸಾರಾಂಶದಿಂದ ತಿಳಿಯುತ್ತದೆ’ ಅಂತ ಒಂದೇ ಸಾಲು. ಮುಂದಿನ ಭಾಗದಲ್ಲಿ ಅಷ್ಟು ಬಿಡಿಸಿ ಹೇಳಿದವರು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದಾರೆ. ಇಂಥ ಪ್ಯಾಸೇಜುಗಳನ್ನು ರಾಶಿಗಟ್ಟಲೆ ಮಾಡಿದ ಹುಡುಗರಿಗೆ ಓದುವ ಅಭ್ಯಾಸವೇ ಕೆಡುತ್ತದೆ. ಪ್ಯಾಸೇಜು ಬಿಟ್ಟು ಆಯ್ಕೆಗಳನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದನ್ನು ಬರಿ, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದನ್ನು ಬರಿ ಅಂತ ಇಲ್ಲಿನ ಹುಡುಗರ ಬಾಯಲ್ಲಿ ಒಂದು ಪ್ರಾಸ ಓಡಾಡುತ್ತದೆ. ತಮಾಷೆಗೆ ಹೇಳುತ್ತಾರೆ, ಟೈಮ್ ಮುಗಿಯುತ್ತಾ ಬಂದರೆ ನಿಜವಾಗಿಯೂ ಹಾಗೇ ಮಾಡುತ್ತಾರೆ.

ಸಣ್ಣ ದೂರುಗಳು: ಕಾಗದ ತೆಳ್ಳಗೆ, ಹಿಂದಿನ ಪುಟದ ಅಕ್ಷರ ಇಣುಕುತ್ತದೆ. ವಿಡಿಯೊ ಪಾಠಕ್ಕೆ ಕೊಟ್ಟ ಕ್ಯೂಆರ್ ಕೋಡ್ ಮುಂದಿನ ವರ್ಷ ತೆರೆಯಲಿಲ್ಲ, ಹೊಸ ಆವೃತ್ತಿ ಕೊಳ್ಳಿ ಅಂತ ಬಂತು.

ಆ್ಯಪಿನಲ್ಲೇ ಮಾಡಬಹುದಲ್ಲ ಅಂತ ಹುಡುಗರು ಕೇಳುತ್ತಾರೆ. ಅವರಿಗೆ ನಾನು 2024ರ ಪೇಪರಿನ ಮೂರನೇ ಪ್ಯಾಸೇಜು ಕೊಟ್ಟು ಓದಿ ಅನ್ನುತ್ತೇನೆ. ಅದರ ವಿಷಯವೇ ಪರದೆ ಮೇಲೆ ಓದಿದರೂ ಕಾಗದದಲ್ಲಿ ಓದಿದರೂ ಅರ್ಥವಾಗುವುದು ಒಂದೇನಾ ಅನ್ನುವುದು. ಅಲ್ಲ, ಕಾಗದವೇ ಮೇಲು ಅನ್ನುವ ಕಡೆಗೆ ಅದು ವಾಲುತ್ತದೆ. ವಾದ ಅಲ್ಲಿಗೆ ಮುಗಿಯುತ್ತದೆ. ಪರೀಕ್ಷೆ ಹೇಗೂ ಕಾಗದದಲ್ಲೇ, 2ಬಿ ಪೆನ್ಸಿಲ್‌ನಿಂದ ಉತ್ತರದ ಹಾಳೆಯಲ್ಲಿ ಚೌಕ ತುಂಬಬೇಕು. ಪದ ನೋಡಲು ಆ್ಯಪ್ ಸಾಕು.

ನಾನು ಬಳಸುವ ಕ್ರಮ ಹೀಗೆ. ವಾರಕ್ಕೆ ಒಂದು ವರ್ಷದ ನಿಜವಾದ ಪೇಪರ್, ಗಡಿಯಾರ ಇಟ್ಟು ಮುಕ್ಕಾಲು ಗಂಟೆಯೊಳಗೆ. ಮರುದಿನ ಗಡಿಯಾರ ಇಲ್ಲದೆ ಅದನ್ನೇ ಮತ್ತೆ ಓದುವುದು, ಈ ಸಲ ತಪ್ಪು ಆಯ್ಕೆ ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳಬೇಕು. ವಾಕ್ಯ ತುಂಬುವ ಭಾಗವನ್ನು ಬೇರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಖಾಲಿ ಜಾಗದ ಹಿಂದಿನ, ಮುಂದಿನ ಸಾಲಿನ ‘ಅದು’, ‘ಅವರು’, ‘ಆದರೆ’ಗಳ ಜಾಡು ಹಿಡಿಯಬೇಕು, ತಲೆ ಬೇರೆ ಥರ ಓಡಿಸಬೇಕು. ಪೇಪರಿನ ಕೊನೆಗೆ ಬರುವ, ಅರ್ಧ ಕಥೆ ಓದಿ ಮುಂದಿನ ಎರಡು ಪ್ಯಾರಾ ಬರೆಯುವ 25 ಅಂಕದ ಪ್ರಶ್ನೆಗೂ ಇದೇ ಓದು ಕೈಹಿಡಿಯುತ್ತದೆ. ಕಥೆಯ ಜಾಡು ಸಿಕ್ಕದವರು ಅಲ್ಲಿ ಏನು ಬರೆದಾರು?

ಕೊಳ್ಳುವವರಿಗೆ: ಜೂನ್ ಪರೀಕ್ಷೆ ಮುಗಿದ ಮೇಲೆ ಆ ವರ್ಷದ ಪೇಪರ್ ಸೇರಿಸಿ ಹೊಸ ಆವೃತ್ತಿ ಬರುತ್ತದೆ, ಅಲ್ಲಿಯವರೆಗೆ ಕಾಯಿರಿ. ಕೊನೆಯ ವರ್ಷದ ಮಕ್ಕಳಿಗೆ, ಅಂದರೆ ನಮ್ಮ ಸೆಕೆಂಡ್ ಪಿಯುಸಿಗೆ ಸಮ, ಇದು ಸರಿ. ಅದಕ್ಕಿಂತ ಚಿಕ್ಕವರಿಗೆ ಈಗಲೇ ಬೇಡ, ಅವರು ಕಥೆ ಪುಸ್ತಕ ಓದಲಿ. ಇಲ್ಲಿನ ಕನ್ನಡದ ಮನೆಗಳವರೂ ಕೆಲವರು ಕೇಳಿದ್ದರು, ಸಿಬಿಎಸ್‌ಇ ಓದುವ ಮಕ್ಕಳಿಗೆ ಆಗುತ್ತದೆಯಾ ಅಂತ. ಪ್ಯಾಸೇಜುಗಳು ಖಂಡಿತ ಆಗುತ್ತವೆ. ಆದರೆ ವಿವರಣೆ ಪೂರ್ತಿ ಚೈನೀಸ್‌ನಲ್ಲಿದೆ, ಅದನ್ನು ಓದಿ ಹೇಳುವವರು ಮನೆಯಲ್ಲಿರಬೇಕು. ಸೆಕೆಂಡ್‌ಹ್ಯಾಂಡ್ ಪ್ರತಿ ಕಾಸಿಗೆ ಎರಡರಂತೆ ಸಿಗುತ್ತದೆ, ತೆಗೆದುಕೊಳ್ಳಿ. ಮುಂದಿನ ಭಾಗದಲ್ಲಿ ಪೆನ್ನಿನ ಗುರುತು ಇಲ್ಲದ್ದನ್ನು ಆರಿಸಿ. ಉತ್ತರದ ಪುಸ್ತಕ ಜೊತೆಗಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.