ಟಿಕೆಟ್‌ನಲ್ಲಿ ‘ಪ್ಯಾರಿಸ್’ ಅಂತ ಇದ್ದರೆ ಸಾಲದು, ಯಾವ ಏರ್‌ಪೋರ್ಟ್ ಅಂತ ನೋಡಿ

ಯುರೋಪ್ ಟೂರ್‌ಗೆ ಏಜೆಂಟ್ ಹತ್ತಿರ ಟಿಕೆಟ್ ಮಾಡಿಸುವವರು ದಯವಿಟ್ಟು ಇದನ್ನು ಓದಿ. ನಮಗೆ ಎರಡು ಲಕ್ಷದ ಹತ್ತಿರ ಹೋಗಿದೆ. ದುಡ್ಡು ಒಂದು ಕಡೆ ಇರಲಿ, 68 ವರ್ಷದ ಅಮ್ಮನನ್ನು ರಾತ್ರಿಯಿಡೀ ಏರ್‌ಪೋರ್ಟ್ ಕುರ್ಚಿಯಲ್ಲಿ ಕೂರಿಸಿದೆನಲ್ಲ, ಅದು ಇನ್ನೂ ಚುಚ್ಚುತ್ತಿದೆ.

ಹೋಗಿದ್ದು ನಾನು, ನನ್ನ ಗಂಡ, ಅಮ್ಮ. ಬೆಂಗಳೂರಿನಿಂದ ಪ್ಯಾರಿಸ್, ಅಲ್ಲಿಂದ ರೈಲಿನಲ್ಲಿ ಜ್ಯೂರಿಕ್, ಮಿಲಾನ್, ವೆನಿಸ್, ರೋಮ್. ರೋಮ್‌ನಿಂದ ಮತ್ತೆ ಪ್ಯಾರಿಸ್‌ಗೆ ವಿಮಾನ, ಅಲ್ಲಿಂದ ಊರಿಗೆ. ರೋಮ್‌ನಿಂದಲೇ ವಾಪಸ್ ಬರಬಹುದಲ್ವಾ ಅಂತ ನಾನು ಮೊದಲೇ ಕೇಳಿದ್ದೆ. ಕೇಳಿದ್ದೆ! ಅದಕ್ಕೆ ಏಜೆಂಟ್, “ಬೇಡ ಮೇಡಂ, ಪ್ಯಾರಿಸ್ ರಿಟರ್ನ್ ಆದ್ರೆ ಕಡಿಮೆಗೆ ಬರುತ್ತೆ. ರೋಮ್-ಪ್ಯಾರಿಸ್ ಬರೀ ಎರಡು ಗಂಟೆ. ನಾಲ್ಕು ಗಂಟೆ ಗ್ಯಾಪ್ ಕೊಟ್ಟಿದ್ದೀವಿ, ಆರಾಮಾಗಿ ಕಾಫಿ ಕುಡ್ಕೊಂಡು ಹತ್ತಿ” ಅಂದರು. ನಂಬಿದೆ.

ಮೊದಲ ಪೆಟ್ಟು ರೈಲಿನಲ್ಲೇ ಬಿತ್ತು. ಯುರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯುರೇಲ್ ಅನ್ನುವ ಪಾಸ್ ನಮ್ಮ ಹತ್ತಿರ ಇತ್ತು. “ಯುರೇಲ್ ಪಾಸ್ ಇದೆಯಲ್ಲ, ಯಾವ ರೈಲು ಬೇಕಾದ್ರೂ ಹತ್ತಿ” ಅಂದಿದ್ದರು. ಪ್ಯಾರಿಸ್‌ನ ಗಾರ್ ದ ಲಿಯೋಂ ಸ್ಟೇಷನ್‌ಗೆ ಹೋದರೆ, ಜ್ಯೂರಿಕ್‌ಗೆ ಹೋಗುವ ಟಿಜಿವಿ ಅನ್ನುವ ಫಾಸ್ಟ್ ರೈಲಿಗೆ ಪಾಸ್ ಇದ್ದರೂ ಸೀಟ್ ಬೇರೆ ಬುಕ್ ಮಾಡಿರಬೇಕಂತೆ. ಪಾಸ್‌ನವರಿಗೆ ಅಂತ ಇಡುವ ಸೀಟುಗಳೇ ಕಡಿಮೆ, ಅವತ್ತಿನದು ಖಾಲಿಯಾಗಿತ್ತು. ಪೂರ್ತಿ ದುಡ್ಡು ಕೊಟ್ಟು ಮೂರು ಟಿಕೆಟ್ ತಗೊಂಡೆವು. ಸ್ವಿಜರ್ಲೆಂಡ್ ಒಳಗಿನ ಮಾಮೂಲಿ ರೈಲಿಗೆ ಈ ತಾಪತ್ರಯ ಇಲ್ಲ, ಇಟಲಿಯ ಫಾಸ್ಟ್ ರೈಲುಗಳಿಗೆ ಮತ್ತೆ ಇದೇ ಕಥೆ. ಏಜೆಂಟ್‌ಗೆ ವಾಟ್ಸಾಪ್ ಮಾಡಿದರೆ ಬಂದ ಉತ್ತರ: “ಪೀಕ್ ಸೀಸನ್ ಮೇಡಂ, ಮ್ಯಾನೇಜ್ ಮಾಡ್ಕೊಳ್ಳಿ.” ಆಗಲೇ ಉಳಿದ ಟಿಕೆಟ್‌ಗಳನ್ನೆಲ್ಲ ತೆಗೆದು ನೋಡಬೇಕಿತ್ತು. ನೋಡಲಿಲ್ಲ.

ಕೊನೆಯ ದಿನ. ರೋಮ್ ವಿಮಾನ ನಲವತ್ತು ನಿಮಿಷ ತಡವಾಗಿ ಇಳಿಯಿತು. ಬ್ಯಾಗ್ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ. ಹೊರಗೆ ಬಂದು ನಮ್ಮ ಟರ್ಮಿನಲ್‌ನ ಬೋರ್ಡ್ ಹುಡುಕುತ್ತಿದ್ದೇನೆ, ಎಲ್ಲೂ ಇಲ್ಲ. ನಾವು ಮೊದಲು ಇಳಿದಿದ್ದ ಜಾಗದ ತರಹವೇ ಇಲ್ಲ, ಚಿಕ್ಕ ಏರ್‌ಪೋರ್ಟ್. ವಿಚಾರಣೆ ಕೌಂಟರ್‌ನಲ್ಲಿದ್ದ ಹೆಣ್ಣುಮಗಳಿಗೆ ಎರಡೂ ಟಿಕೆಟ್ ಕೊಟ್ಟೆ. ಅವಳು ಏನೂ ಹೇಳಲಿಲ್ಲ. ನೀಲಿ ಪೆನ್ನು ತಗೊಂಡು ಒಂದು ಕಾಗದದಲ್ಲಿ ಏರ್‌ಪೋರ್ಟ್ ಕೋಡ್ ‘ಬಿವಿಎ’ ಸುತ್ತ, ಇನ್ನೊಂದರಲ್ಲಿ ‘ಸಿಡಿಜಿ’ ಸುತ್ತ ಗುಂಡಗೆ ಗೆರೆ ಹಾಕಿ ನನ್ನ ಕಡೆ ತಿರುಗಿಸಿದಳು. ನನಗೆ ಕೈಕಾಲೇ ಬಿದ್ದುಹೋಯಿತು.

ನಾವು ಇಳಿದಿದ್ದು ಬೋವೆ (ಬಿವಿಎ) ಏರ್‌ಪೋರ್ಟ್. ಹೆಸರಿಗೆ ಪ್ಯಾರಿಸ್, ಊರಿಂದ 80 ಕಿಲೋಮೀಟರ್‌ಗೂ ಜಾಸ್ತಿ ದೂರ. ನಮ್ಮ ವಿಮಾನ ಇದ್ದಿದ್ದು ಶಾರ್ಲ್ ದ ಗಾಲ್ (ಸಿಡಿಜಿ) ಏರ್‌ಪೋರ್ಟ್‌ನಿಂದ. ತುಮಕೂರಿನಲ್ಲಿ ಇಳಿಸಿ, ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಅಂದ ಹಾಗಾಯಿತು. ಬಸ್ ಪ್ಯಾರಿಸ್ ಊರೊಳಗೆ ಹೋಗುತ್ತದೆ, ಅದರಲ್ಲಿ ಹೋದರೆ ಖಂಡಿತ ಆಗುವುದಿಲ್ಲ. ಟ್ಯಾಕ್ಸಿಗೆ 170 ಯುರೋ. ದಾರಿಯುದ್ದಕ್ಕೂ ಅಮ್ಮ “ಸಿಗುತ್ತೆ ಬಿಡು, ಸಿಗುತ್ತೆ” ಅನ್ನುತ್ತಿದ್ದರು. ಮೂರೂವರೆ ವಿಮಾನಕ್ಕೆ ನಾವು ತಲುಪಿದ್ದು 2.50ಕ್ಕೆ. ಕೌಂಟರ್ ಎರಡೂವರೆಗೇ ಮುಚ್ಚಿದೆ.

ಎರಡು ಟಿಕೆಟ್ ಬೇರೆ ಬೇರೆ, ಆದ್ದರಿಂದ ವಿಮಾನದವರಿಗೆ ಜವಾಬ್ದಾರಿ ಇಲ್ಲ. ಒಂದೇ ಪಿಎನ್‌ಆರ್ ಆಗಿದ್ದರೆ ಅವರೇ ಮುಂದಿನ ವಿಮಾನಕ್ಕೆ ಹಾಕಬೇಕಿತ್ತು. ಈ ದೇಶಗಳಿಗೆಲ್ಲ ಒಟ್ಟಿಗೆ ನಡೆಯುವ ಷೆಂಗನ್ ವೀಸಾ ಮುಗಿಯಲು ಉಳಿದಿದ್ದು ಎರಡೇ ದಿನ. ಗಾಬರಿಯಲ್ಲಿ ಮಾರನೇ ದಿನಕ್ಕೆ ಮೂರು ಹೊಸ ಟಿಕೆಟ್ ತಗೊಂಡೆವು, 1,68,000 ರೂಪಾಯಿ.

ಏಜೆಂಟ್ ಮೂರನೇ ಸಲಕ್ಕೆ ಫೋನ್ ಎತ್ತಿದರು. “ಮೇಡಂ, ಟಿಕೆಟ್‌ನಲ್ಲಿ ಪ್ಯಾರಿಸ್ ಅಂತಾನೇ ಇದೆ. ನಾವು ಪ್ಯಾರಿಸ್‌ಗೇ ಕಳಿಸಿದ್ದೀವಿ.” ಏರ್‌ಪೋರ್ಟೇ ಬೇರೆ ಅಲ್ವೇನ್ರೀ ಅಂದರೆ, “ಪಿಡಿಎಫ್ ಹದಿನೈದು ದಿನ ಮುಂಚೆನೇ ಕಳಿಸಿದ್ವಲ್ಲ, ನೀವು ಓದಿದೋರು, ಚೆಕ್ ಮಾಡ್ಬೇಕಿತ್ತು.” ಓದಿದೋರು! ಗಂಡನ ಎದುರು, ಅಮ್ಮನ ಎದುರು, ಸ್ಪೀಕರ್‌ನಲ್ಲಿ ಇದನ್ನು ಕೇಳಿಸಿಕೊಂಡೆ. ನಾಚಿಕೆಯಿಂದ ಮಾತೇ ಬರಲಿಲ್ಲ. ಚೆಕ್ ಮಾಡುವುದಕ್ಕೇ ಅಲ್ವಾ ಅವರಿಗೆ ಸರ್ವಿಸ್ ಚಾರ್ಜ್ ಅಂತ 9,000 ಕೊಟ್ಟಿದ್ದು?

ಟಿಕೆಟ್ ಬಂದ ದಿನವೇ ಊರಿನ ಹೆಸರು ಬಿಟ್ಟು ಆ ಮೂರಕ್ಷರ ನೋಡಿ. ಮಿಲಾನ್ ಅಂತ ಬೆರ್ಗಾಮೋದಲ್ಲಿ ಇಳಿಸುತ್ತಾರೆ, ಫ್ರಾಂಕ್‌ಫರ್ಟ್ ಅಂತ 100 ಕಿಲೋಮೀಟರ್ ಆಚೆಯ ಹಾನ್‌ನಲ್ಲಿ ಇಳಿಸುತ್ತಾರೆ. ಹೋಗುವುದು ಒಂದು ಊರಿಗೆ, ಬರುವುದು ಇನ್ನೊಂದು ಊರಿಂದ ಆದರೆ ‘ಮಲ್ಟಿ ಸಿಟಿ’ ಅಂತ ಒಂದೇ ಬುಕ್ಕಿಂಗ್ ಮಾಡಿಸಿ. ದುಬಾರಿ ಅಂತ ಏಜೆಂಟ್ ಹೇಳಿದರೆ ಬೆಲೆ ತೋರಿಸಿ ಅನ್ನಿ. ನಾನು ಈಗ ನೋಡಿದೆ, ನಮ್ಮ ದಿನಗಳಿಗೆ ಹತ್ತಿರದ ತಾರೀಖಿಗೆ ರೋಮ್‌ನಿಂದ ವಾಪಸ್ ಬಂದರೆ ತಲೆಗೆ ಜಾಸ್ತಿ ಆಗುವುದು 3,000 ರೂಪಾಯಿ. ಬರೀ ಮೂರು ಸಾವಿರ.

ದೂರು ಕೊಡುತ್ತಿರುವುದರಿಂದ ಇಲ್ಲಿ ಏಜೆಂಟ್ ಹೆಸರು ಬರೆದಿಲ್ಲ. ನಿನ್ನೆ ಅವರ ಮೆಸೇಜ್ ಬಂತು: “ಮುಂದಿನ ಟೂರ್‌ಗೆ 5,000 ಡಿಸ್ಕೌಂಟ್ ಕೊಡ್ತೀವಿ ಮೇಡಂ, ಇಲ್ಲಿಗೆ ಬಿಟ್ಬಿಡಿ.” ಬಿಡುವುದಿಲ್ಲ. ಆ ನೀಲಿ ಗೆರೆ ಹಾಕಿದ ಎರಡು ಕಾಗದ ಫೈಲ್‌ನಲ್ಲಿವೆ. ಸೋಮವಾರ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ, ಅಮ್ಮನೂ ಬರುತ್ತೇನೆ ಅಂದಿದ್ದಾರೆ.