ಡ್ರ್ಯಾಗನ್ ಕ್ವೆಸ್ಟ್ 11 ಎಸ್ಸಾ, ಫೈನಲ್ ಫ್ಯಾಂಟಸಿ 10ಆ? ಮೊದ್ಲು ಯಾವ್ದು?

ಹೊಸಬ್ರಾದ್ರೆ ಡ್ರ್ಯಾಗನ್ ಕ್ವೆಸ್ಟ್ ತಗೊಳ್ಳಿ, ಅಷ್ಟೇ. ಎರಡೂ ಸರದಿ ಪ್ರಕಾರ ಹೊಡೆದಾಡೋ ಗೇಮ್‌ಗಳೇ, ಆದ್ರೆ ರುಚಿ ಬೇರೆ ಬೇರೆ. 2001ರ ಫೈನಲ್ ಫ್ಯಾಂಟಸಿ 10ರಲ್ಲಿ ಮುಂದೆ ಯಾರ ಸರದಿ ಅಂತ ಸ್ಕ್ರೀನ್ ಪಕ್ಕದಲ್ಲೇ ಕಾಣುತ್ತೆ, ಹಾರೋ ಶತ್ರು ಬಂದ್ರೆ ಫೈಟ್ ಮಧ್ಯದಲ್ಲೇ ನಮ್ಮ ತಂಡದ ವಾಕಾನ ಕರೆಸಿ ಬಾಲ್ ಹೊಡೆಸೋದು, ಗಟ್ಟಿ ಚಿಪ್ಪಿಂದು ಬಂದ್ರೆ ಆರಾನ್ ಕತ್ತಿ, ಹಿಂಗೆ ತಲೆ ಓಡಿಸೋ ಮಜಾ ಇನ್ನೊಂದ್ರಲ್ಲಿ ಅಷ್ಟಿಲ್ಲ ಬಿಡಿ. ಕಥೇನೂ ಎದೆಗೆ ನಾಟುತ್ತೆ. ಆದ್ರೆ ಹಳೇ ಪ್ಲೇಸ್ಟೇಷನ್ 2 ಡಿಸ್ಕಲ್ಲಿ ಕಟ್‌ಸೀನ್, ಅಂದ್ರೆ ಮಧ್ಯೆ ಬರೋ ಕಥೆ ದೃಶ್ಯ, ಸ್ಕಿಪ್ಪೇ ಮಾಡಕ್ಕಾಗಲ್ಲ, ಗಗಜೆಟ್ ಬೆಟ್ಟದಲ್ಲಿ ವಿಲನ್ ಸೀಮೋರ್ ಕೈಲಿ ಆರು ಸಲ ಸತ್ತು ಆರು ಸಲಾನೂ ಅದೇ ಭಾಷಣ ಕೇಳ್ದೆ, ಕರ್ಮ!

ಡ್ರ್ಯಾಗನ್ ಕ್ವೆಸ್ಟ್ ಬಾಳೆಎಲೆ ಊಟದ ಥರ, ನಿಧಾನಕ್ಕೆ ಕೂತು ಆಡ್ಬೇಕು. 'ಡ್ರ್ಯಾಗನ್ ಬಾಲ್' ಬರೆದ ಟೋರಿಯಾಮಾ ಡಿಸೈನ್ ಮಾಡಿದ ಸ್ಲೈಮ್ ಅನ್ನೋ ನಗುಮುಖದ ಪುಟ್ಟ ಶತ್ರುಗಳು, ಊರೂರು ಸುತ್ತೋದು, ಕ್ಯಾಂಪಲ್ಲಿ ಸುತ್ತಿಗೆ ಹಿಡ್ಕೊಂಡು ಕತ್ತಿ ಬಡಿಯೋದು. ತೀರಾ ಸುಲಭ ಅನ್ನೋರು ಶುರುವಲ್ಲೇ ಡ್ರಾಕೋನಿಯನ್ ಕ್ವೆಸ್ಟ್ ಅನ್ನೋ ಕಷ್ಟದ ಮೋಡ್ ಆನ್ ಮಾಡ್ಕೊಳ್ಳಿ, ಅದ್ರಲ್ಲಿ ಒಂದು ಆಯ್ಕೆ ಹಾಕಿದ್ರೆ ಹೀರೋ ಫೈಟ್ ನಡುವೆ ನಾಚ್ಕೊಂಡು ಸುಮ್ನೆ ನಿಂತ್ಬಿಡ್ತಾನೆ! ಹಾಂ, 2018ರ ಮೊದಲ್ನೇ ಇಂಗ್ಲಿಷ್ ಆವೃತ್ತಿ ಅಗ್ಗಕ್ಕೆ ಸಿಕ್ರೂ ಬೇಡ, ಆರ್ಕೆಸ್ಟ್ರಾ ಸಂಗೀತ ಇರೋದು ಆಮೇಲೆ ಬಂದ ಎಸ್ ಆವೃತ್ತಿಯಲ್ಲೇ.