ಮಲೆನಾಡಲ್ಲಿ ಲಾಗ್ ಹೌಸ್ ಕಟ್ಟಿಸೋಕೆ ಹೊರಟವರೇ, ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಜಾಗ ತಗೊಂಡು ಮರದ ದಿಮ್ಮಿಯ ಮನೆ ಕಟ್ಟಿಸಬೇಕು ಅಂತ ಇರುವವರು ದಯವಿಟ್ಟು ಓದಿ. ವಾರಾಂತ್ಯಕ್ಕೆ ಬಂದು ಹೋಗುವ ಕಾಟೇಜ್ ವಿಷಯ ಅಲ್ಲ ಇದು. ವರ್ಷಪೂರ್ತಿ ವಾಸ ಮಾಡುವ ಮನೆ. ದಿಮ್ಮಿ ಮೇಲೆ ದಿಮ್ಮಿ ಅಡ್ಡಡ್ಡ ಜೋಡಿಸಿ ಗೋಡೆ ಎಬ್ಬಿಸುತ್ತಾರಲ್ಲ, ಅದು. ನಾವು ಕಟ್ಟಿಸಿದ್ದೇವೆ. ಅದರೊಳಗೇ ಕೂತು ಇದನ್ನು ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಕೇಸ್ ನಡೆಯುತ್ತಿದೆ, ವಕೀಲರು ಬೇಡ ಅಂದಿದ್ದಾರೆ. ಇಲ್ಲದಿದ್ದರೆ ಹೆಸರಿನ ಜೊತೆ ಫೋಟೋನೂ ಹಾಕುತ್ತಿದ್ದೆ.

ನಾನೂ ನಮ್ಮ ಯಜಮಾನರೂ ರಿಟೈರ್ ಆದವರು. ಬೆಂಗಳೂರಿನ ಫ್ಲಾಟ್ ಮಾರಿ ಸಕಲೇಶಪುರದ ಹತ್ತಿರ ಬಂದೆವು. ಬಿಲ್ಡರ್ ಮೊದಲು ಒಂದು ರೆಸಾರ್ಟ್‌ಗೆ ಕರೆದುಕೊಂಡು ಹೋಗಿ ತಾನು ಕಟ್ಟಿದ ಮನೆ ತೋರಿಸಿದ. ಒಳಗೆ ಕಾಲಿಟ್ಟರೆ ಮರದ ಘಮ, ಗೋಡೆ ಎಲ್ಲ ಪಳಪಳ. ಅಲ್ಲಿ ದಿನಾ ಒರೆಸೋಕೆ ಆಳುಗಳಿದ್ದಾರೆ, ಹಗಲೂ ರಾತ್ರಿ ಎಸಿ ಓಡುತ್ತದೆ ಅನ್ನೋದನ್ನು ಅವನು ಯಾಕೆ ಹೇಳ್ತಾನೆ? ಕೊಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು: ನ್ಯೂಜಿಲೆಂಡ್ ಪೈನ್, ಕಿಲ್ನ್‌ನಲ್ಲಿ (ಮರ ಒಣಗಿಸೋ ಬಿಸಿ ಗೂಡು) ಒಣಗಿಸಿದ್ದು, ಪ್ರೆಷರ್ ಟ್ರೀಟ್‌ಮೆಂಟ್ (ಒತ್ತಡ ಹಾಕಿ ಔಷಧಿಯನ್ನು ಮರದೊಳಗೆ ಇಳಿಸೋದು) ಆಗಿದ್ದು. ಒಟ್ಟು 38 ಲಕ್ಷ.

ಗೆದ್ದಲಿನ ಬಗ್ಗೆ ಕೇಳಿದೆ. ಮಳೆ ಬಗ್ಗೆ ಕೇಳಿದೆ. ಕೇಳಲೇ ಇಲ್ವಾ ಅಂತ ಯಾರೂ ಅನ್ನಬೇಡಿ, ಎಲ್ಲಾ ಕೇಳಿದೆ. ಅದಕ್ಕೆ ಆ ಮನುಷ್ಯ ಮೊಬೈಲ್ ತೆಗೆದು ರಷ್ಯಾದ ಕಿಝಿ ದ್ವೀಪದ ಚರ್ಚಿನ ಫೋಟೋ ತೋರಿಸಿದ. "1714ರದ್ದು ಮೇಡಂ, ಪೂರ್ತಿ ದಿಮ್ಮಿ. ಮುನ್ನೂರು ವರ್ಷ ಆದ್ರೂ ನಿಂತಿದೆ. ನಿಮ್ಮನೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ." ಆಮೇಲೆ ನಾನೇ ಹುಡುಕಿ ಓದಿದೆ. ಆ ಚರ್ಚ್ ವಾಲುತ್ತಿತ್ತು ಅಂತ 1980ರ ದಶಕದಲ್ಲಿ ಒಳಗೆ ಕಬ್ಬಿಣದ ಚೌಕಟ್ಟು ಕೊಟ್ಟು ನಿಲ್ಲಿಸಿದ್ದರು. ಆಮೇಲೆ ಕೊಳೆತ ದಿಮ್ಮಿಗಳನ್ನು ಬಿಚ್ಚಿ ಬದಲಾಯಿಸಿ ವರ್ಷಗಟ್ಟಲೆ ರಿಪೇರಿ ಮಾಡಿದ್ದಾರೆ. ಅದೂ ಹಿಮ ಬೀಳೋ ಊರಲ್ಲಿ! ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡಲ್ಲ.

ಗೃಹಪ್ರವೇಶ ಫೆಬ್ರವರಿಯಲ್ಲಿ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೇ ಹೊತ್ತಿಗೆ ಬೆಡ್‌ರೂಮ್ ಬಾಗಿಲು ಬಿಗಿಯಾಯಿತು. ಆಮೇಲೆ ಅಡುಗೆಮನೆ ಕಿಟಕಿ. ಆಮೇಲೆ ದಿಮ್ಮಿಗಳ ನಡುವೆ ಬೆರಳು ತೂರುವಷ್ಟು ಸಂದು. ಫೋನ್ ಮಾಡಿದರೆ ಏನು ಉತ್ತರ ಗೊತ್ತಾ? "ಮರ ಉಸಿರಾಡ್ತಾ ಇದೆ ಮೇಡಂ, ಜೀವ ಇರೋ ಮನೆ ಅದು." ಮತ್ತೆ ಮಾಡಿದರೆ, "ಟೆಕ್ನಿಕಲ್ ವಿಷಯ ಮೇಡಂ, ಸರ್‌ಗೆ ಫೋನ್ ಕೊಡಿ." ನಾನು ಪಿಡಬ್ಲ್ಯೂಡಿ ಲೆಕ್ಕದ ಶಾಖೆಯಲ್ಲಿ ಕಂಟ್ರಾಕ್ಟರ್‌ಗಳ ಬಿಲ್ ನೋಡಿ ನೋಡಿ ರಿಟೈರ್ ಆದವಳು. ನಮ್ಮ ಯಜಮಾನರು ಪಾಪ, ಹೈಸ್ಕೂಲಲ್ಲಿ ಸಂಸ್ಕೃತ ಮೇಷ್ಟ್ರು.

ಮಳೆ ಹಿಡಿಯಿತು. ಇರಚಲು ಹೊಡೆದರೆ ಸಂದಿಯಿಂದ ನೀರು ನೇರ ಒಳಗೆ. ಬಟ್ಟೆ, ಹಾಸಿಗೆ ಎಲ್ಲಾ ಮುಗ್ಗಲು ವಾಸನೆ. ಬೀರು ಹಿಂದೆ ಬೂಷ್ಟು. ಕಡೆಗೆ ಊರಿನ ಹಳೇ ಆಚಾರಿಯೊಬ್ಬರನ್ನು ಕರೆಸಿದೆ.

ಆವತ್ತಿನದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವರು ಮಾತಾಡಲಿಲ್ಲ. ಅಡುಗೆಮನೆ ಕಿಟಕಿ ಮೇಲಿನ ಪಟ್ಟಿ ಕಿತ್ತು ಟಾರ್ಚ್ ಬಿಟ್ಟರು. ಚೌಕಟ್ಟಿಗೂ ಮೇಲಿನ ದಿಮ್ಮಿಗೂ ನಡುವೆ ಒಂದು ಎಳೆ ಜಾಗ ಇಲ್ಲ. ಚೌಕಟ್ಟನ್ನು ಸೀದಾ ದಿಮ್ಮಿಗೇ ಮೊಳೆ ಹೊಡೆದು ಕೂರಿಸಿದ್ದಾರೆ. ಗೋಡೆಯ ಭಾರ ಪೂರ್ತಿ ಅದರ ಮೇಲೆ ಕೂತು, ಹೊರೆ ಹೊತ್ತ ಕತ್ತೆ ಬೆನ್ನಿನ ಹಾಗೆ ಬಗ್ಗಿಹೋಗಿದೆ. ಮರ ಒಣಗುವಾಗ ದಪ್ಪದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅಡ್ಡ ಮಲಗಿಸಿದ ದಿಮ್ಮಿ ಗೋಡೆ ಕೆಳಗಿಳಿಯುತ್ತದೆ, ನಿಲ್ಲಿಸಿದ ಕಂಬ ಇಳಿಯಲ್ಲ. ಹಸಿ ದಿಮ್ಮಿಯಾದರೆ 10 ಅಡಿ ಗೋಡೆ ಅರ್ಧ ಅಡಿವರೆಗೂ ಇಳಿಯಬಹುದು. ಅದಕ್ಕೇ ಬಾಗಿಲು ಕಿಟಕಿ ಮೇಲೆ ಜಾಗ ಬಿಡಬೇಕು, ಕಂಬದಲ್ಲಿ ತಿರುಗಿಸಿ ಇಳಿಸುವ ಜಾಕಿ ಇಡಬೇಕು. ದಿಮ್ಮಿ ಮನೆ ಕಟ್ಟುವ ದೇಶಗಳಲ್ಲಿ ಇದು ಮೊದಲ ಪಾಠ. ನಮ್ಮಲ್ಲಿ ಜಾಗವೂ ಇಲ್ಲ, ಜಾಕಿಯೂ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹಿತ್ತಲ ಕಡೆ ಹೋಗಿ ಒಂದು ದಿಮ್ಮಿಯ ಪಾಲಿಶನ್ನು ಉಳಿಯಿಂದ ಕೆರೆದರು. ಬೆರಳಲ್ಲಿ ಉಜ್ಜಿದರು. ಒಳಗಿನ ಮೈ ಪೂರ್ತಿ ಸಣ್ಣ ಸಣ್ಣ ಮಚ್ಚೆ, ಬೆಳಕಿಗೆ ಮಿನುಗುತ್ತಿತ್ತು. ನನ್ನ ಮುಖ ನೋಡಿ, "ಅಮ್ಮಾವ್ರೆ, ಇದು ಸಿಲ್ವರ್ ಅಲ್ವಾ?" ಅಂದರು.

ಸಿಲ್ವರ್! ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸೋ ಸಿಲ್ವರ್ ಓಕ್. ನಮ್ಮ ಬೇಲಿ ಆಚೆ ಸಾಲಾಗಿ ನಿಂತಿರುವ ಅದೇ ಮರ. ಪ್ಯಾಕಿಂಗ್ ಪೆಟ್ಟಿಗೆಗೆ, ಪ್ಲೈವುಡ್‌ಗೆ ಹೋಗೋ ಮರ. ಮುಂದಿನ ಗೋಡೆ ಮಾತ್ರ ಪೈನ್, ಉಳಿದ ಮೂರೂ ಗೋಡೆ ಸಿಲ್ವರ್, ಅದೂ ಹಸಿ. ಮೇಲೆ ಒಂದೇ ಬಣ್ಣ ಬಳಿದು ಕೈತೊಳೆದುಕೊಂಡಿದ್ದಾನೆ. ನ್ಯೂಜಿಲೆಂಡ್ ಪೈನ್ ಅಂತೆ! ಸಿಲ್ವರ್ ಮೂಲ ಆಸ್ಟ್ರೇಲಿಯಾ, ಅಷ್ಟರ ಮಟ್ಟಿಗೆ ನ್ಯೂಜಿಲೆಂಡ್ ಪಕ್ಕದ್ದೇ ಅಂದುಕೊಳ್ಳಬೇಕೇನೋ. ಪ್ರೆಷರ್ ಟ್ರೀಟ್‌ಮೆಂಟ್ ಆಗಿದ್ದರೆ ಔಷಧಿ ಮರದೊಳಗೆ ಇಳಿದಿರಬೇಕು. ನಮ್ಮದರಲ್ಲಿ ಒಂದು ಕಾಳಿನಷ್ಟು ಕೆತ್ತಿದರೆ ಬೆಳ್ಳಗೆ ಹಸಿ ಮರ. ಅದೇ ದಿಮ್ಮಿ ಕೆಳಗೆ ಕುಟ್ಟೆ ಹುಳದ ಹಿಟ್ಟು ಉದುರಿತ್ತು. ಪಾಯದಿಂದ ಗೆದ್ದಲಿನ ಮಣ್ಣಿನ ಗೆರೆ ಆಗಲೇ ಹತ್ತಿತ್ತು.

ಫೋಟೋ ಕಳಿಸಿದೆ. ಉತ್ತರ ಬಂತು: "ಅದೂ ಪೈನ್‌ನಲ್ಲೇ ಒಂದು ವೆರೈಟಿ ಮೇಡಂ." ಮರ ತರಿಸಿದ ಬಿಲ್ ಕಳಿಸಿ ಅಂದೆ. "ಗೋಡೌನ್‌ನಲ್ಲಿದೆ, ಹುಡುಗನ್ನ ಕಳಿಸ್ತೀನಿ." ಟ್ರೀಟ್‌ಮೆಂಟ್ ಸರ್ಟಿಫಿಕೇಟ್ ಕಳಿಸಿ ಅಂದೆ. "ಲೋಕಲ್ ಆಚಾರಿಗಳ ಮಾತು ಕೇಳ್ಬೇಡಿ, ಅವರಿಗೆ ಲಾಗ್ ಹೌಸ್ ಗೊತ್ತಿಲ್ಲ." ವಾರಂಟಿ ಪತ್ರ ತೋರಿಸಿದರೆ, ಅದರ ಹಿಂಬದಿಯಲ್ಲಿ ಇರುವೆ ಸೈಜಿನ ಅಕ್ಷರದಲ್ಲಿ "ಮರದ ಸಹಜ ಚಲನೆಗೆ ಅನ್ವಯಿಸುವುದಿಲ್ಲ" ಅಂತ ಇದೆಯಂತೆ. ಕಡೆಗೆ ಬಂದ ಮಾತು ಕೇಳಿ: "ನೀವು ಮೆಂಟೆನೆನ್ಸ್ ಮಾಡಿಲ್ಲ." ಹೊಸ ಮನೆ ಸ್ವಾಮಿ ಅದು! ಆಮೇಲೆ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ.

ಮರ ಅಂದರೆ ನಮ್ಮ ಮಲೆನಾಡಿಗೆ ಹೊಸದಾ? ಆದರೆ ಹಳೇ ಮನೆಗಳಲ್ಲಿ ಮಳೆಗೆ ಮೈ ಒಡ್ಡೋ ಗೋಡೆಯನ್ನು ಮಣ್ಣಲ್ಲಿ, ಕಲ್ಲಲ್ಲಿ ಕಟ್ಟಿದರು. ಮರ ಕಂಬಕ್ಕೆ, ತೊಲೆಗೆ, ಅಟ್ಟಕ್ಕೆ. ಅದೂ ಹಲಸು, ಬೋಗಿಯಂಥ ಗಟ್ಟಿ ಮರ, ಚೇಗು (ಒಳಗಿನ ತಿರುಳು) ಬಲಿತಿದ್ದು. ಸೂರು ಅಷ್ಟು ಮುಂದೆ ಚಾಚಿ, ಸಾಲದು ಅಂತ ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನಮ್ಮ ಮನೆಯ ಸೂರು ಒಂದೂವರೆ ಅಡಿ. "ಮಾಡರ್ನ್ ಲುಕ್ ಮೇಡಂ."

ಇಷ್ಟಾದರೂ ಕಟ್ಟಿಸಲೇಬೇಕು ಅನ್ನುವವರು ರೆಸಾರ್ಟ್ ನೋಡಿ ಮರುಳಾಗಬೇಡಿ. ಅವರು ಕಟ್ಟಿದ ಮನೆಯಲ್ಲಿ ಎರಡು ಮಳೆಗಾಲ ಕಳೆದವರು ಯಾರು ಅಂತ ಕೇಳಿ, ಅವರ ಮನೆಗೆ ಜುಲೈನಲ್ಲಿ ಹೋಗಿ. ದಿಮ್ಮಿ ಲಾರಿಯಿಂದ ಇಳಿಯುವ ದಿನ ಪಕ್ಕದಲ್ಲಿ ನಿಲ್ಲಿ, ತೇವ ನೋಡುವ ಮೀಟರ್ ಚುಚ್ಚಿಸಿ, 19 ಪರ್ಸೆಂಟ್‌ಗಿಂತ ಜಾಸ್ತಿ ತೋರಿಸಿದರೆ ಲಾರಿ ವಾಪಸ್ ಕಳಿಸಿ. ಒಂದು ದಿಮ್ಮಿ ಕೊಯ್ಯಿಸಿ ಒಳಗೆ ನೋಡಿ. ಮರದ ಬಿಲ್ ಕೈಗೆ ಬರದೆ ಮುಂದಿನ ಕಂತು ಕೊಡಲೇಬೇಡಿ. "ಸರ್‌ಗೆ ಫೋನ್ ಕೊಡಿ" ಅನ್ನೋ ಬಿಲ್ಡರ್‌ನಂತೂ ಅಲ್ಲೇ ಬಿಟ್ಟುಬಿಡಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ವಾಟ್ಸಾಪ್ ಮೆಸೇಜ್ ಒಂದನ್ನೂ ಅಳಿಸಬೇಡಿ. ಕೊಟ್ಟ ದುಡ್ಡು 50 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ನಾವು ಹಾಕಿದ್ದೇವೆ. ನೋಟಿಸ್ ಮುಟ್ಟಿದ ಮೇಲೆ ಆ ಮನುಷ್ಯನ ಫೋನ್ ತಾನಾಗೇ ಬಂತು. ಕೇಸ್ ವಾಪಸ್ ತಗೊಂಡರೆ ಮನೆಗೆ ಒಂದು ಕೋಟ್ ಪಾಲಿಶ್ ಫ್ರೀ ಅಂತೆ. ಹೇಳಿದ್ದು ನನಗಲ್ಲ, ನಮ್ಮ ಯಜಮಾನರಿಗೆ. ಅವರು ಫೋನ್ ತಂದು ನನ್ನ ಕೈಗೆ ಕೊಟ್ಟರು. ಪಾಲಿಶ್ ಯಾವ ಮರಕ್ಕೆ, ಪೈನ್‌ಗೋ ಸಿಲ್ವರ್‌ಗೋ ಅಂತ ಕೇಳಿದೆ. ಕಟ್ ಮಾಡಿದ.